ನನ್ನ ಇನ್ನೊಂದು ಹೆಸರು ಹಲೋ

ಹಿರಿಯೂರು,
೧೪ ಸೆಪ್ಟೆಂಬರ್ ೨೦೨೫, ಭಾನುವಾರ

ಪ್ರೀತಿಯ ಜಯಾ,

ಹೊಸದುರ್ಗದಲ್ಲಿ ನೆರೆದಿರುವ ಸಮಸ್ತ ಪ್ರೇಕ್ಷಕ ಮಹಾಶಯರೇ! ಅಂದರೆ ನೀನು, ಈ ಕಾಗದ ಓದಿ ಹೇಳುತ್ತಿರುವ ಮಗಳು ಮಮತಾ, ತೊಟ್ಟಿಲಲ್ಲಿರುವ ನಮ್ಮ ಪುಟ್ಟ ಮೊಮ್ಮಗಳು. ಎಲ್ಲರೂ ಕ್ಷೇಮವೇ? ನಿನ್ನ ಮಂಡಿನೋವು ಹೆಂಗೈತೆ? ಬಾಣಂತಿಗೆ ನೀರು ಹಾಕುವಾಗ ಜಾಸ್ತಿ ಬಗ್ಗಬೇಡ. ನಾನು ಗುಂಡುಕಲ್ಲಿನಂತಿದ್ದೇನೆ. ಗಂಟಲು ಮಾತ್ರ ಆಗಾಗ ಕೈ ಕೊಡ್ತೈತೆ, ಚಿತ್ರದುರ್ಗದ ಡಾಕ್ಟ್ರಿಗೆ ತೋರಿಸಿ ಬಂದೆ.

ನನಗೆ ಫೋನು ನಿಷೇಧವಾಗಿ ವಾರವಾಯ್ತು. "ಅಪ್ಪಾ, ನಿನ್ನ ಹಲೋಗೆ ಕೂಸು ಬೆಚ್ಚಿಬಿದ್ದು ಅಳ್ತೈತೆ, ಫೋನೇ ಮಾಡಬೇಡ" ಅಂದಳಲ್ಲ ನಿನ್ನ ಮಗಳು! ತುರುವನೂರಿನ ನಾಟಕದಲ್ಲಿ ಮೈಕು ಕೆಟ್ಟಾಗ ಕೊನೇ ಸಾಲಿನವರಿಗೂ ಕೇಳಿಸಿದ ಗಂಟಲಿದು, ಪಿಸುಮಾತು ಎಲ್ಲಿಂದ ತರಲಿ? ಪಕ್ಕದ ಮನೆಯ ಇಂಗ್ಲಿಷ್ ಮೇಡಂ ಲತಾ ಹತ್ತಿರ ದೂರು ಹೇಳಿಕೊಂಡೆ. ಆಯಮ್ಮ ನಕ್ಕು, "ಸಾರ್, ಹಲೋ ಅನ್ನೋದು ಹುಟ್ಟಿದ್ದೇ ಕೂಗಾಗಿ. ಬೇಟೆನಾಯಿಗೆ, ಆಚೆ ದಡದ ದೋಣಿಯವನಿಗೆ ಕೇಳಲಿ ಅಂತ ಹಾಕ್ತಿದ್ದ ಕೇಕೆಗಳ ವಂಶದ್ದು. ಫೋನು ಬಂದ ಮೇಲೆ ನಮಸ್ಕಾರದ ಜಾಗದಲ್ಲಿ ಕುಂತ್ಕಂತು" ಅಂದಳು. ಈಗ ಮೈಕು ಸರಿಯೈತಾ ನೋಡಕ್ಕೂ ಅದೇ, ಬಸ್ಸಲ್ಲಿ ಕಾಲು ತುಳಿದವನಿಗೆ "ಹಲೋ, ಕಣ್ಣು ಕಾಣಲ್ವಾ?" ಅಂತ ಗದರಕ್ಕೂ ಅದೇ. ಹಂಗಾದ್ರೆ ಜಯಾ, ಜೋಗಿಮಟ್ಟಿ ಗುಡ್ಡದ ಬುಡದಲ್ಲಿ ನೀನು ಕುರಿ ಮೇಯಿಸುವಾಗ ಹಳ್ಳದ ಈಚೆಯಿಂದ ನಾನು "ಓಹೋಯ್" ಅಂತಿದ್ದೆನಲ್ಲ, ಅದೂ ಇದರ ದಾಯಾದಿಯೇ! "ಏ ಮಾರಾಯ, ಸುಮ್ಕಿರು, ಕುರಿಯೆಲ್ಲ ನಿನ್ ಕಡಿಗೇ ಹೊಂಟವೆ" ಅಂತ ಬೈದಿದ್ದೆ ನೀನು.

ಮದುವೆಯಾದ ಮೇಲೆ ನಾಟಕದ ಕ್ಯಾಂಪಿನಿಂದ ಇಲ್ಲಿಯ ಎಸ್‌ಟಿಡಿ ಬೂತಿಗೆ ಮೊದಲ ಸಲ ಫೋನು ಮಾಡಿದೆ. ರಿಸೀವರ್ ಹಿಡಿದ ನೀನು ಗಪ್‌ಚುಪ್. ಗಂಡನ ಹೆಸರು ಬಾಯಲ್ಲಿ ಆಡಂಗಿಲ್ಲ, ಇನ್ನೇನಂತ ಕರೆಯೋದು? ಬೂತಿನ ಓಬಳೇಶ, "ಹಲೋ ಅನ್ನಕ್ಕಾ, ಮೀಟ್ರು ಓಡ್ತೈತೆ" ಅಂದ. ನೀನು ಹಲೋ ಅಂದೆ. ಅವತ್ತಿಂದ ನನಗದೇ ಹೆಸರಾಯ್ತು. "ಹಲೋ, ಮುದ್ದೆ ಆರ್ತೈತೆ, ಬರ್ರಿ." "ಹಲೋ, ಮೀಸೆ ಬಣ್ಣ ತೊಳ್ಕಂಡು ಮಲಗ್ರಿ." ಮೊಬೈಲು ಬಂದ ಮೇಲಂತೂ ನೀನು ಹಿತ್ತಲಿಂದ ಕರೆದರೆ ಹಾದಿಹೋಕರು ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು. ನೀನು ಹೊಸದುರ್ಗಕ್ಕೆ ಹೋದಾಗಿನಿಂದ ಈ ಮನೆಯಲ್ಲಿ ನನ್ನನ್ನು ಹೆಸರು ಹಿಡಿದು ಕರೆಯೋರೇ ಇಲ್ಲ ಕಣೇ.

ಮಮತಾಗೂ ಕೂಸಿಗೂ ನೂರು ವರ್ಷ ತಂಪಾಗಿರಲೆಂದು ನನ್ನ ಆಶೀರ್ವಾದ.

ಇತಿ ನಿನ್ನ,
ಗೊಲ್ಲಪ್ಪ

ಮರೆತಿದ್ದೆ: ಅಳಿಯ ಜುಂಜೇಶ ಬಸ್ಸಿಗೆ ಅವಸರ ಮಾಡ್ತಿದಾನೆ, ಅವನ ಕೈಲಿ ಈ ಕಾಗದ ಇವತ್ತು ಸಂಜೆಗೇ ಮುಟ್ಟುತ್ತೆ. ಗಂಟಲಲ್ಲಿ ಒಂದು ಗಂಟು ಐತಂತೆ, ನಾಳೆ ದುರ್ಗದಲ್ಲಿ ಆಪರೇಷನ್. ಹೆದರಬೇಡ, ಜೀವಕ್ಕೇನಿಲ್ಲ. ದನಿ ಮೊದಲಿನಂಗೆ ಬರುತ್ತೋ ಇಲ್ಲವೋ, ಅದನ್ನ ಮಾತ್ರ ಡಾಕ್ಟ್ರು ಬಾಯಿ ಬಿಡ್ತಿಲ್ಲ. ನನ್ನ ಒಳಗೆ ಕರ್ಕಂಡು ಹೋಗೋಕೆ ಮುಂಚೆ ಫೋನು ಮಾಡ್ತೀನಿ. ಎತ್ತಿ ತೊಟ್ಟಿಲ ಹತ್ರ ಹಿಡಿ, ಮಮತಾ ಬೈದರೆ ಬೈಯಲಿ. ಅಜ್ಜನ ಗಂಟಲು ಹೆಂಗಿತ್ತು ಅಂತ ಆ ಕೂಸಿನ ಕಿವಿಗೂ ಬೀಳಲಿ. ನಾಳೆ ಬೆಳಿಗ್ಗೆ ಕೂಸನ್ನ ಒಂದೇ ಒಂದು ಸಲ ಚೆನ್ನಾಗಿ ಅಳಿಸ್ತೀನಿ.