ಮೇಡಂ, ಅಮ್ಮನಿಗೆ ನೀವೇ ಹೇಳಿ

ಆಯ್ಕೆ ಕೇಂದ್ರದ ಹಾಸ್ಟೆಲ್
ಮಂಗಳವಾರ, ಸಂಜೆ

ಪೂಜ್ಯ ಮೇಡಂ ಅವರಿಗೆ,

ನಿಮ್ಮ ಏಕಮಾತ್ರ ವಿದ್ಯಾರ್ಥಿನಿಯ ನಮಸ್ಕಾರಗಳು. ನಾನಿಲ್ಲಿ ಕ್ಷೇಮ. ನೀವೂ ಕ್ಷೇಮವೆಂದು ನಂಬಿದ್ದೇನೆ. ನಿಮ್ಮ ಮನೆಯಲ್ಲೇ ಇರುವ ನನ್ನ ಅಮ್ಮನೂ ಕ್ಷೇಮವಾಗಿರಬಹುದು, ಆದರೆ ಅವಳ ಸಮಾಚಾರ ನನಗೆ ತಿಳಿಯುವ ದಾರಿಯಿಲ್ಲ. ಅವಳು ನನ್ನ ಜೊತೆ ಮಾತು ಬಿಟ್ಟು ಎರಡು ತಿಂಗಳಾಯಿತು.

ಅಮ್ಮನಿಗೆ ಬರೆಯಬೇಕಾದ್ದನ್ನು ನಿಮಗೆ ಬರೆಯುತ್ತಿದ್ದೇನೆಂದು ನಗಬೇಡಿ. ಕಾನೂನು ಮಾಡಿದವರು ನೀವೇ. ಬೆಳಿಗ್ಗೆ ಒಂಬತ್ತಕ್ಕೆ ಕನ್ನಡಕ ಹಾಕಿಕೊಂಡು ಊಟದ ಮೇಜಿನ ಆ ತುದಿಗೆ ಕೂತರೆ ನೀವು ಮೇಡಂ. ಮಧ್ಯಾಹ್ನ ಒಂದಕ್ಕೆ ಕನ್ನಡಕ ತೆಗೆದು ಅಡುಗೆಮನೆಗೆ ಹೋದರೆ ಅಮ್ಮ. ಹೆಂಗಸು ಒಬ್ಬಳೇ, ಆದರೆ ಒಬ್ಬರನ್ನು ಇನ್ನೊಬ್ಬರ ಹೆಸರಿನಿಂದ ಕರೆಯುವ ಹಾಗಿಲ್ಲ. ಚಿಕ್ಕವಳಿದ್ದಾಗ ಮಗ್ಗಿ ತಪ್ಪಿದ್ದಕ್ಕೆ ನೀವೊಮ್ಮೆ ಕಿವಿ ಹಿಂಡಿದಿರಿ. ನಾನು ಅಳುತ್ತಾ ಅಡುಗೆಮನೆಗೆ ಹೋಗಿ ಚಾಡಿ ಹೇಳಿದೆ. "ಅಷ್ಟು ಜೋರಾ ಆ ಮೇಡಂ? ನಾಳೆ ಬರ್ಲಿ, ವಿಚಾರಿಸ್ಕೋತೀನಿ" ಅಂದಳು ಅಮ್ಮ. ಮರುದಿನ ನೀವು ಹಾಜರಿ ಕೂಗುವ ಮುಂಚೆ ಕ್ಷಮೆ ಕೇಳಿ, ನಿನ್ನ ತಾಯಿ ಭಾರಿ ಗಟ್ಟಿಗಿತ್ತಿ ಕಣಮ್ಮ ಎಂದಿರಿ. ಬೇರೆ ಮಕ್ಕಳಿಗೆ ಮನೆ ಬೇರೆ, ಶಾಲೆ ಬೇರೆ ಇರುತ್ತದೆ, ನನಗೂ ಇರಲಿ ಎಂದು ಹಾಗೆ ಮಾಡಿದಿರಿ ಅಂತ ಈಗ ಅರ್ಥವಾಗುತ್ತದೆ.

ಈಗಲೂ ಒಂದು ಚಾಡಿಯೇ, ಆದರೆ ತಿರುಗುಮುರುಗು. ಅಮ್ಮನ ಮೇಲಿನ ದೂರನ್ನು ನಿಮ್ಮ ಹತ್ತಿರ ತಂದಿದ್ದೇನೆ.

ಮಿಲಿಟರಿ ಅಕಾಡೆಮಿಯ ಲಿಖಿತ ಪರೀಕ್ಷೆ ಪಾಸಾಗಿ ಆಯ್ಕೆಗೆ ಕರೆ ಬಂದ ದಿನ ಅಮ್ಮ ಪಾತ್ರೆ ತೊಳೆಯುತ್ತಿದ್ದಳು. ಹೇಳಿದೆ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಯಾಕೆ ಅಂತ ಒಂದೇ ಮಾತು ಕೇಳಿದಳು. ದೇಶಸೇವೆ ಅಂದೆ. ಅಷ್ಟೇ, ಅವತ್ತಿನಿಂದ ಬಾಯಿಗೆ ಬೀಗ. ತಟ್ಟೆ ಹಾಕುತ್ತಾಳೆ, ಓಡುವ ಬೂಟಿನ ಲೇಸು ಕಿತ್ತಿದ್ದರೆ ಹೊಸದು ತಂದಿಡುತ್ತಾಳೆ, ಮೈ ಬಿಸಿಯಾದರೆ ಹಣೆ ಮುಟ್ಟುತ್ತಾಳೆ. ಮಧ್ಯಾಹ್ನ ಎರಡರ ಪಾಳಿಗೆ ವಿದ್ಯುತ್ ಸಬ್‌ಸ್ಟೇಷನ್ನಿಗೆ ಹೊರಡುವಾಗ ಬಾಗಿಲಲ್ಲಿ ಒಂದು ಗಳಿಗೆ ನಿಲ್ಲುತ್ತಾಳೆ. ಈಗ ಹೇಳುತ್ತಾಳೆ ಅಂತ ಕಾಯುತ್ತೇನೆ. ಚಪ್ಪಲಿ ಮೆಟ್ಟಿಕೊಂಡು ಹೋಗಿಬಿಡುತ್ತಾಳೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅವಳ ಭಯ ನನಗೆ ಗೊತ್ತಿಲ್ಲದ್ದಲ್ಲ. ಅಪ್ಪ ಲೈನ್‌ಮನ್, ಕಂಬದ ಮೇಲೇ ಜೀವ ಹೋಯಿತು, ಆಮೇಲೆ ಆ ಇಲಾಖೆಯಲ್ಲೇ ಅಮ್ಮನಿಗೆ ಕೆಲಸ ಕೊಟ್ಟರು. ಅಪಾಯದ ಕೆಲಸ ಒಂದು ಮನೆಗೆ ಒಂದೇ ಸಾಕು ಅಂತ ಅವಳಿಗೆ ಅನ್ನಿಸಿದರೆ ತಪ್ಪೇನು? ಆದರೆ ಮೇಡಂ, ನೀವು ಮಾಡಿದ್ದೇನು? ಮರುದಿನ ಒಂಬತ್ತಕ್ಕೆ ಸರಿಯಾಗಿ ಬಂದು ಕೂತು, "ಹಾಜರಿ" ಎಂದು ಇಡೀ ತರಗತಿಗೆ ಕೇಳುವ ಹಾಗೆ ಕೂಗಿ, ಆಯ್ಕೆಯಲ್ಲಿ ಏನೇನಿರುತ್ತದೆ ಎಂದು ವಿವರಿಸಿದಿರಿ. ಅಮ್ಮ ಯಾವುದಕ್ಕೆ ಬೇಡವೆಂದು ಮುಖ ತಿರುಗಿಸಿದಳೋ ಅದಕ್ಕೇ ನೀವು ನನ್ನನ್ನು ತಯಾರು ಮಾಡಿದಿರಿ. ಒಂದೇ ಸೂರಿನಡಿ ನಿಮ್ಮಿಬ್ಬರಿಗೆ ಜಗಳವಾಗಲಿಲ್ಲವೇ?

ಇರಲಿ, ಇಲ್ಲಿಯ ವರದಿ ಒಪ್ಪಿಸುತ್ತೇನೆ. ಗುಂಪು ಚರ್ಚೆಯಲ್ಲಿ ಮೊದಲು ಮಣ್ಣು ಮುಕ್ಕಿದೆ. ಮೊದಲು ಆಟಕ್ಕೆಂದು, ಈಚೆಗೆ ನೀವು ಹೇಳಿದಂತೆ ತಯಾರಿಗೆಂದು ಮನೆಯಲ್ಲಿ ನಾಲ್ಕು ಕುರ್ಚಿ ಹಾಕಿ, ಒಂದೊಂದರಲ್ಲೂ ಕೂತು ಒಂದೊಂದು ದನಿಯಲ್ಲಿ ವಾದ ಮಾಡುತ್ತಿದ್ದೆನಲ್ಲ, ಆ ಕುರ್ಚಿಗಳೆಲ್ಲ ಬಹಳ ಮರ್ಯಾದಸ್ಥರು. ಒಬ್ಬರು ಮುಗಿಸುವವರೆಗೆ ಇನ್ನೊಬ್ಬರು ಬಾಯಿ ಹಾಕುತ್ತಿರಲಿಲ್ಲ. ಇಲ್ಲಿಯವರು ಹಾಗಲ್ಲ. ಇವರು ಮುಗಿಸಲಿ ಅಂತ ಕಾದೆ, ಅವರು ಮುಗಿಸಲಿ ಅಂತ ಕಾದೆ, ಗಂಟೆ ಹೊಡೆದೇಬಿಟ್ಟಿತು. ನಾನು ಆಡಿದ್ದು "ಹೌದು, ಆದ್ರೆ" ಅನ್ನುವ ಎರಡು ಮಾತು.

ಮರುದಿನ ಮೈದಾನದಲ್ಲಿ ಇನ್ನೂ ಚೆಂದ. ಎಂಟು ಜನರ ಗುಂಪಿಗೆ ಒಂದು ಹಲಗೆ, ಒಂದು ಹಗ್ಗ, ಒಂದು ಪೀಪಾಯಿ ಕೊಟ್ಟು, ನೆಲ ಮುಟ್ಟದೆ ಹಳ್ಳ ದಾಟಿ ಅಂದರು. ನನಗೋ ಹಗ್ಗ ನೋಡಿದ್ದೇ ತಡ, ಗಂಟು ಹಾಕಿದೆ, ಹಲಗೆ ಎಳೆದೆ, ಸರಸರ ದಾಟಿದೆ, ಆಹಾ ಎಷ್ಟು ಬೇಗ ಮುಗೀತು ಅಂತ ತಿರುಗಿ ನೋಡಿದರೆ ಏಳೂ ಜನ ಆ ಕಡೆಯೇ ನಿಂತಿದ್ದಾರೆ. ಹಲಗೆ ನನ್ನ ಕೈಯಲ್ಲಿ. "ಅಮ್ಮಾ ತಾಯಿ, ನಾವೂ ಇದೀವಿ ಕಣೇ!" ಅಂತ ಒಬ್ಬಳು ಕೂಗಿದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಆದರೆ ಕಣ್ಣಲ್ಲಿ ನೀರು ಬಂತು. ಇನ್ನೊಬ್ಬರು ಇರುತ್ತಾರೆ ಅನ್ನುವುದೇ ನನ್ನ ಅಭ್ಯಾಸದಲ್ಲಿರಲಿಲ್ಲ ಮೇಡಂ. ಹಲಗೆ ವಾಪಸು ಚಾಚಿ, ಒಬ್ಬೊಬ್ಬರಿಗೂ ಕೈ ಕೊಟ್ಟು ದಾಟಿಸಿದೆ. ಕೂಗಿದವಳಿಗೆ ಸೊಂಟದವರೆಗೆ ಜಡೆ, ಹಾಗಾಗಿ ಎಲ್ಲರೂ ಅವಳನ್ನು ಉದ್ದಜಡೆ ಅನ್ನುತ್ತಾರೆ. ದಾಟಿದ ಮೇಲೂ ಅವಳು ಸ್ವಲ್ಪ ಹೊತ್ತು ಕೈ ಬಿಡಲಿಲ್ಲ.

ಮೂರನೆಯದು ಬರವಣಿಗೆ. ನಿನ್ನ ಬಗ್ಗೆ ನಿನ್ನ ತಂದೆತಾಯಿ, ಶಿಕ್ಷಕರು, ಸ್ನೇಹಿತರು ಏನೆನ್ನುತ್ತಾರೆ, ಬರಿ ಅಂದರು. ಅಮ್ಮನದು ಬರೆದೆ: ಮೊಂಡಿ, ಸರಿಯಾಗಿ ಉಣ್ಣುವುದಿಲ್ಲ, ಗುಡುಗಿದರೆ ಈಗಲೂ ತನ್ನ ಸೆರಗು ಹಿಡಿಯುತ್ತಾಳೆ ಎನ್ನುತ್ತಾಳೆ. ನಿಮ್ಮದು ಬರೆದೆ: ಚುರುಕು, ಆದರೆ ಅವಸರ, ಲೆಕ್ಕದಲ್ಲಿ ಮೈನಸ್ ಚಿಹ್ನೆ ನುಂಗುತ್ತಾಳೆ, ಕೂತಲ್ಲಿ ಕೂರುವುದಿಲ್ಲ ಎನ್ನುತ್ತಾರೆ. ಒಂದೇ ಹೆಂಗಸು ನನ್ನ ಬಗ್ಗೆ ಎರಡು ಥರ ಹೇಳುತ್ತಾಳಲ್ಲ ಅಂತ ನಗು ಬಂತು. ಸ್ನೇಹಿತರು ಅನ್ನುವಲ್ಲಿಗೆ ಬಂದು ಕೈ ನಿಂತಿತು. ಅಕ್ಕಪಕ್ಕದವರೆಲ್ಲ ಗೀಚುತ್ತಿದ್ದಾರೆ, ಪುಟ ತಿರುಗಿಸುತ್ತಿದ್ದಾರೆ. ಸುಳ್ಳು ಬರೆಯಬಹುದಿತ್ತು, ಯಾರು ಬಂದು ನೋಡುತ್ತಾರೆ? ಬರೆಯಲಿಲ್ಲ. "ನನಗೆ ಸ್ನೇಹಿತರಿಲ್ಲ. ಇದ್ದಿದ್ದರೆ ಏನನ್ನುತ್ತಿದ್ದರು ಎಂದು ತಿಳಿಯಬೇಕೆಂದೇ ಇಲ್ಲಿಗೆ ಬಂದಿದ್ದೇನೆ" ಎಂದು ಬರೆದು ಪೆನ್ನು ಮುಚ್ಚಿದೆ.

ಅದೇ ನಿಜ ಮೇಡಂ. ದೇಶಸೇವೆ ಸುಳ್ಳಲ್ಲ, ಆದರೆ ಅದು ಎರಡನೆಯದು. ಮೊದಲನೆಯದು ಆ ಅಕಾಡೆಮಿಯ ಪುಸ್ತಿಕೆಯಲ್ಲಿದ್ದ ಒಂದು ಫೋಟೊ. ಒಂದು ಉದ್ದನೆಯ ಕೋಣೆ, ಎರಡೂ ಕಡೆ ಸಾಲು ಮಂಚ, ಪ್ರತಿ ಮಂಚದ ಕೆಳಗೆ ಒಂದು ಜೊತೆ ಬೂಟು. ಬೇರೆಯವರು ಟ್ಯಾಂಕು, ವಿಮಾನ ನೋಡಿ ಆಸೆಪಡುತ್ತಾರಂತೆ. ನಾನು ಮಂಚ ನೋಡಿದೆ. ನಮ್ಮ ಕ್ವಾರ್ಟರ್ಸ್ ನಿಮಗೆ ಗೊತ್ತಲ್ಲ. ಸುತ್ತ ತಂತಿ ಬೇಲಿ, ಶಾಲೆಯಿರುವ ಊರಿಗೆ ಬಸ್ಸೂ ಇಲ್ಲ, ಅಮ್ಮ ಪಾಳಿಗೆ ಹೋದ ಮೇಲೆ ಟ್ರಾನ್ಸ್‌ಫಾರ್ಮರುಗಳ ಗುಂಯ್ ಅನ್ನುವ ಸದ್ದೊಂದೇ ಜೊತೆ. "ಸಾಕು ಸುಮ್ನಿರೋ" ಅಂತ ಅದನ್ನೇ ಎಷ್ಟು ಸಲ ಬೈದಿದ್ದೇನೆ! ಬೇಲಿಯ ಒಳಗೆ ಸುತ್ತು ಓಡಿ ಓಡಿ ಹುಲ್ಲು ಸವೆದು ದಾರಿಯಾಗಿದೆ. ಅದು ತಯಾರಿಗೆ ಓಡಿದ್ದಲ್ಲ, ಹೊತ್ತು ಹೋಗದೆ ಓಡಿದ್ದು. ಇದನ್ನು ಅಮ್ಮನಿಗೆ ಹೇಳುವುದು ಹೇಗೆ? ನನಗಾಗಿ ನಿದ್ದೆಗೆಟ್ಟು, ಎರಡಾಳಾಗಿ ದುಡಿದವಳಿಗೆ, ನಿನ್ನ ಜೊತೆಯಲ್ಲಿದ್ದೂ ನನಗೆ ಒಂಟಿ ಅನ್ನಿಸುತ್ತದೆ ಅಂತ ಯಾವ ಬಾಯಲ್ಲಿ ಹೇಳಲಿ? ಅವಳ ಪ್ರೀತಿ ಕಡಿಮೆಯಾಯಿತು ಅಂತಲ್ಲ. ಹೊಟ್ಟೆ ತುಂಬಿದ್ದರೂ ಬಾಯಾರುತ್ತದಲ್ಲ, ಹಾಗೆ.

ಸಂದರ್ಶನ ಮಾಡಿದ ಅಧಿಕಾರಿ ನರೆಗೂದಲಿನ ಹೆಂಗಸು. ನಾನು ಬರೆದದ್ದನ್ನು ಮುಂದಿಟ್ಟುಕೊಂಡು, ಇದು ನಿಮ್ಮ ತಾಯಿಗೆ ಗೊತ್ತಾ ಎಂದು ಕೇಳಿದರು. ಇಲ್ಲ ಮೇಡಂ ಅಂದೆ. (ಅವರನ್ನೂ ಮೇಡಂ ಅನ್ನಬೇಕು, ನೀವು ಬೇಜಾರಾಗಬೇಡಿ.) ಅವರು ಆ ಹಾಳೆ ಪಕ್ಕಕ್ಕಿಟ್ಟು, "ಹಾಗಾದ್ರೆ ನಿಮ್ಮ ತಾಯಿಗೆ ಸ್ನೇಹಿತರು ಯಾರು?" ಅಂದರು. ಹದಿನೇಳು ವರ್ಷದಲ್ಲಿ ಒಂದು ಸಲವೂ ಆ ಪ್ರಶ್ನೆ ನನ್ನ ತಲೆಗೆ ಬಂದಿರಲಿಲ್ಲ.

ನಿನ್ನೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ನಂಬರು ಕೂಗಿದರು. ನನ್ನದನ್ನೂ ಕೂಗಿದರು. ಆಯ್ಕೆಯಾಗಿದ್ದೇನೆ ಮೇಡಂ. ಉದ್ದಜಡೆಯೂ ಆಗಿದ್ದಾಳೆ. ಇನ್ನು ವೈದ್ಯಕೀಯ ಪರೀಕ್ಷೆ ಮುಗಿಯುವವರೆಗೆ ಇಲ್ಲೇ ಇರಬೇಕು. ಫೋನು ಗೇಟಿನಲ್ಲೇ ಇಸಿದುಕೊಂಡಿದ್ದಾರೆ. ಇದ್ದಿದ್ದರೂ ಅಮ್ಮ ಆ ಕಡೆಯಿಂದ ಉಸಿರು ಬಿಡುವುದನ್ನಷ್ಟೇ ಕೇಳಬೇಕಿತ್ತು.

ಈಗ ಬೇಡಿಕೆ. ನನಗಿನ್ನೂ ಹದಿನೆಂಟು ತುಂಬಿಲ್ಲದ್ದರಿಂದ ಇದರ ಜೊತೆಗಿರುವ ಒಪ್ಪಿಗೆ ಪತ್ರಕ್ಕೆ ತಾಯಿಯ ಸಹಿ ಬೇಕು. ಶಿಕ್ಷಕಿಯದು ನಡೆಯುವುದಿಲ್ಲವಂತೆ, ವಿಚಾರಿಸಿದೆ. ಈ ತಿಂಗಳ ಕೊನೆಯೊಳಗೆ ಬರದಿದ್ದರೆ ನನ್ನ ಜಾಗ ಇನ್ನೊಬ್ಬರಿಗೆ. ಅವಳ ಸಹಿಯನ್ನು ನಾನೇ ಹಾಕಬಲ್ಲೆ, ಆದರೆ ಅಂಥ ಶಾಲೆಯಲ್ಲಿ ನಾನು ಓದಿಲ್ಲ. ಮೇಡಂ, ಅಮ್ಮನಿಗೆ ನೀವೇ ಹೇಳಿ. ನಿಮ್ಮ ಮಾತನ್ನಾದರೂ ಕೇಳಿಯಾಳು. ಬೇಡವೆಂದರೆ ಬೇಡ. ವಾಪಸು ಬರುತ್ತೇನೆ, ಮೊದಲಿನ ಹಾಗೇ ಒಂಬತ್ತಕ್ಕೆ ಮೇಜಿಗೆ ಬರುತ್ತೇನೆ, ಮುಖ ಗಂಟಿಕ್ಕುವುದಿಲ್ಲ. ಇದು ಆಣೆ ಮಾಡಿ ಹೇಳುವ ಮಾತು.

ಇತಿ,
ನಿಮ್ಮ ವಿಧೇಯ ವಿದ್ಯಾರ್ಥಿನಿ,
ತರಗತಿಗೆ ಮೊದಲನೆಯವಳು, ಕೊನೆಯವಳೂ

ತಾ.ಕ.: ಇಲ್ಲಿ ನಮ್ಮ ಕೋಣೆಯಲ್ಲಿ ಎಂಟು ಮಂಚ. ಉದ್ದಜಡೆ ಗೊರಕೆ ಹೊಡೆಯುತ್ತಾಳೆ, ಇನ್ನೊಬ್ಬಳು ನಿದ್ದೆಯಲ್ಲಿ ಮಾತಾಡುತ್ತಾಳೆ. ಇಷ್ಟು ಚೆನ್ನಾಗಿ ನಾನು ಯಾವತ್ತೂ ಮಲಗಿರಲಿಲ್ಲ. ಇದೊಂದನ್ನು ಮಾತ್ರ ಅಮ್ಮನಿಗೆ ಹೇಳಬೇಡಿ.


ಮನೆ
ಶನಿವಾರ, ಬೆಳಿಗ್ಗೆ

ಪ್ರಿಯ ವಿದ್ಯಾರ್ಥಿನಿಗೆ ಆಶೀರ್ವಾದಗಳು.

ನಿನ್ನ ಪತ್ರವನ್ನು ಪಾಠದ ಹೊತ್ತಿನಲ್ಲಿ, ಕನ್ನಡಕ ಹಾಕಿಕೊಂಡೇ ಓದಿದೆ. ಶಾಲೆಯ ಈ ವರ್ಷದ ಫಲಿತಾಂಶ ನೂರಕ್ಕೆ ನೂರು ಎಂದು ತಿಳಿಸಲು ಸಂತೋಷವಾಗುತ್ತದೆ. ಹಗ್ಗದ ಗಂಟು ಹಾಕಲು ಕಲಿಸಿದ ನಾನು ಹಿಂದೆ ತಿರುಗಿ ನೋಡಲು ಕಲಿಸಲಿಲ್ಲ. ಅದು ನನ್ನ ಪಾಠದಲ್ಲಿ ಬಿಟ್ಟುಹೋದ ಅಧ್ಯಾಯ. ನೀನಾಗಿಯೇ ಕಲಿತೆ, ಒಳ್ಳೆಯದಾಯಿತು.

ನಿನ್ನ ತಾಯಿಯವರ ಜೊತೆ ಮಾತನಾಡಿದೆ. ಆಕೆ ಸುಲಭದ ಹೆಂಗಸಲ್ಲ, ಎಲ್ಲ ಕೇಳಿಸಿಕೊಂಡು ಒಗೆದ ಬಟ್ಟೆಗಳನ್ನು ಮಡಚುತ್ತಾ ಕೂತರು. ದೇಶಸೇವೆಯ ಉತ್ತರವನ್ನು ಆಕೆ ಮೊದಲ ದಿನವೂ ನಂಬಿರಲಿಲ್ಲವಂತೆ. ಹೋದ ವರ್ಷ ಒಂದು ಸಂಜೆ ಮರೆತ ಊಟದ ಡಬ್ಬಿ ತೆಗೆದುಕೊಳ್ಳಲು ಪಾಳಿಯ ನಡುವೆ ಮನೆಗೆ ಬಂದಾಗ, ಒಳಗಿನಿಂದ ನಾಲ್ಕೈದು ಜನರ ಮಾತು ಕೇಳಿಸಿತಂತೆ. ಅಂತೂ ಮಗಳಿಗೆ ಯಾರೋ ಜೊತೆ ಸಿಕ್ಕರು ಎಂದು ಹಿಗ್ಗಿ, ಬಾಗಿಲ ಹೊರಗೇ ನಿಂತು ತಲೆಗೂದಲು ಸರಿಮಾಡಿಕೊಂಡರಂತೆ. ಬಾಗಿಲ ಸಂದಿಯಿಂದ ನೋಡಿದರೆ ನೀನೊಬ್ಬಳೇ, ಕುರ್ಚಿಯಿಂದ ಕುರ್ಚಿಗೆ ಹೋಗುತ್ತಿದ್ದೆಯಂತೆ. ಡಬ್ಬಿ ತೆಗೆದುಕೊಳ್ಳದೆ ಹಾಗೇ ವಾಪಸು ಹೋದರಂತೆ. ಆ ಮಿಲಿಟರಿ ಪುಸ್ತಿಕೆ ಮೇಜಿನ ಮೇಲೆ ತಾನಾಗಿ ಬಂದು ಕೂತಿತ್ತೆಂದು ನೀನು ತಿಳಿದಿದ್ದರೆ, ಅದು ತಪ್ಪು ಉತ್ತರ.

ತಾಯಿಗೆ ಸ್ನೇಹಿತರು ಯಾರು ಎಂಬ ಪ್ರಶ್ನೆ ಪಠ್ಯಕ್ರಮದಲ್ಲಿಲ್ಲ. ಅದಕ್ಕೆ ನೀನು ಉತ್ತರ ಬರೆಯಬೇಕಾಗಿಲ್ಲ.

ಸಹಿ ಮಾಡಿದ ಒಪ್ಪಿಗೆ ಪತ್ರ ಇದರೊಂದಿಗಿದೆ. ಗೊರಕೆಯ ವಿಷಯವನ್ನು ನಾನು ಹೇಳಲಿಲ್ಲ, ಆದರೆ ಆಕೆಗೆ ಹೇಗೋ ಗೊತ್ತಾಗಿದೆ. ಮೈನಸ್ ಚಿಹ್ನೆ ನುಂಗಬೇಡ. ಶಾಲೆಯನ್ನು ಇಂದಿಗೆ ಮುಚ್ಚಲಾಗಿದೆ.

ಇತಿ,
ಮೇಡಂ

ತಾ.ಕ.: ಕನ್ನಡಕ ತೆಗೆದಿಟ್ಟಿದ್ದೇನೆ, ಸಾಲು ಸೊಟ್ಟಗಾದರೆ ಅದಕ್ಕೇ. ಮಗಳೇ, ನಾನು ಮಾತು ಬಿಟ್ಟದ್ದು ಸಿಟ್ಟಿಗಲ್ಲ. ಬಾಯಿ ತೆರೆದರೆ ಬರುತ್ತಿದ್ದದ್ದು ಒಂದೇ ಮಾತು, ಅದನ್ನು ಕೇಳಿದ್ದರೆ ನೀನು ನಿಂತುಬಿಡುತ್ತಿದ್ದೆ. ಅದಕ್ಕೇ ಹಲ್ಲು ಕಚ್ಚಿಕೊಂಡಿದ್ದೆ. ಈಗ ಸಹಿ ಹಾಕಿಯಾಗಿದೆ, ಲಕೋಟೆ ಅಂಟಿಸುವುದೊಂದೇ ಬಾಕಿ, ಇನ್ನು ಹೇಳಿದರೂ ಏನೂ ಕೆಡುವುದಿಲ್ಲ. ಒಂದೇ ಒಂದು ಸಲ ಹೇಳಿಬಿಡುತ್ತೇನೆ. ಹೋಗಬೇಡ ಕಣೇ.