ಒಂದು ಕ್ಯಾನ್ ತವರಿನ ನೀರು

ಗಂಡನ ಮನೆ, ಮಹಡಿಯ ಕೋಣೆ
ಮಾರ್ಚ್ ೧೪, ಭಾನುವಾರ

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಮಂಡಿನೋವು ಇಳಿಯಿತೇ? ಅಮ್ಮ ಎಣ್ಣೆ ಹಚ್ಚಲು ಬಂದರೆ ತಪ್ಪಿಸಿಕೊಂಡು ಓಡುತ್ತಿಲ್ಲ ತಾನೇ? ನಾನಂತೂ ನೆಲದ ಮೇಲೇ ಇಲ್ಲ, ಅಷ್ಟು ಖುಷಿಯಾಗಿದ್ದೇನೆ! ಫೋನಿನಲ್ಲಿ ನೀವೇ ಮಾತಾಡಿ ನೀವೇ ಇಟ್ಟುಬಿಡುತ್ತೀರಿ, ಅದಕ್ಕೇ ಈ ಕಾಗದ. ಒತ್ತಕ್ಷರ ತಪ್ಪಿದ್ದರೆ ನಗಬೇಡಿ, ಇಂಗ್ಲಿಷ್ ಶಾಲೆಗೆ ಹಾಕಿದ್ದು ನೀವೇ.

ನಿಮ್ಮ ಅಳಿಯಂದಿರ ಪ್ರಯೋಗಾಲಯ ನೋಡಿ ಬಂದೆ ಅಪ್ಪಾ! ಇವರು ಇಂಗಾಲದಿಂದ ಒಂದು ಸ್ಪಂಜು ಮಾಡಿದ್ದಾರೆ. ಇದ್ದಿಲಿನಂತೆ ಕಪ್ಪು, ಆದರೆ ಹಗುರ ಎಂದರೆ ಎಷ್ಟು ಹಗುರ! ಹೂವಿನ ಮೇಲಿಟ್ಟರೆ ಎಸಳೂ ಬಾಗುವುದಿಲ್ಲ. ನಾನು ನಕ್ಕ ರಭಸಕ್ಕೆ ಅದು ಹಾರಿ ಮೇಜಿನ ಕೆಳಗೆ ಹೋಯಿತು. "ಉಸಿರು ಬಿಗಿಹಿಡ್ಕೊಂಡು ನಗು ಮಹರಾಯ್ತಿ" ಎಂದು ಬೈಸಿಕೊಂಡೆ. ಅದರ ಮೈತುಂಬ ಕಣ್ಣಿಗೆ ಕಾಣದ ತೂತುಗಳಂತೆ. ಕೊಳೆನೀರು ಹಾಯಿಸಿದರೆ ಬಣ್ಣ, ಎಣ್ಣೆ, ದ್ರಾವಕ ಎಲ್ಲ ಅಲ್ಲೇ ಅಂಟಿಕೊಳ್ಳುತ್ತದೆ. ಮದುವೆಯ ಮರುದಿನವೇ ಅಳಿಯ ಬಟ್ಟೆಗೆ ಬಣ್ಣದ ಅಚ್ಚು ಹಾಕುವ ನಮ್ಮ ಕಾರ್ಖಾನೆಯ ಚರಂಡಿಗೆ ಬಾಟಲಿ ಹಿಡಿದ ಎಂದು ಊರನ್ನೆಲ್ಲ ನಗಿಸಿದಿರಲ್ಲ, ಆ ನೀಲಿ ನೀರು ನನ್ನ ಕಣ್ಣೆದುರೇ ತಿಳಿಯಾಯಿತು!

ಹೋಲಿಸಿ ನೋಡಲು ಶುದ್ಧ ನೀರೂ ಬೇಕಿತ್ತು. ಒಡವೆಗಿಂತ ಜೋಪಾನವಾಗಿ ನಾನು ತಂದ ನಮ್ಮ ಬಾವಿಯ ನೀರಿನ ಕ್ಯಾನ್ ಇತ್ತಲ್ಲ, "ಇದಕ್ಕಿಂತ ಶುದ್ಧವಾದ್ದು ಎಲ್ಲಿ ಸಿಗುತ್ತೆ?" ಎಂದು ಜಂಬದಿಂದ ಕೊಟ್ಟೆ. ಸ್ಪಂಜು ಹಿಡಿದದ್ದನ್ನು ಯಂತ್ರದಲ್ಲಿ ನೋಡಿ ಇವರು ಕ್ಯಾನನ್ನು ಬೆಳಕಿಗೆ ಹಿಡಿದರು. ಹೊಸ ಸ್ಪಂಜು ಹಾಕಿ ಮತ್ತೆ ನೋಡಿದರು. ನೀವು ಅಚ್ಚಿನ ಚೌಕಟ್ಟು ತೊಳೆಯುವ ದ್ರಾವಕ ಬಾವಿಗೂ ಇಳಿದಿದೆ. ಅದಕ್ಕೆ ಬಣ್ಣವಿಲ್ಲ ಅಪ್ಪಾ. ತಿಳಿಯಾಗಿದ್ದರೆ ಚೊಕ್ಕಟ ಎಂದು ನೀವೂ ನಂಬಿದಿರಿ, ನಾನೂ ನಂಬಿದೆ. ಇಲ್ಲಿನ ನೀರು ಸಪ್ಪೆ ಎಂದು ಅತ್ತೆಯ ಮುಂದೆ ಎಷ್ಟು ಮೂಗು ಮುರಿದಿದ್ದೆ! "ಮಾವನಿಗೆ ಹೇಗೆ ಹೇಳೋದು?" ಎಂದು ಇವರು ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ.

ಅಮ್ಮನಿಗೆ ಒಂದು ಮುತ್ತು, ನಿಮಗೆ ಎರಡು.

ನಿಮ್ಮ
ಗುಬ್ಬಿ

ತಾ.ಕ.: ಇದನ್ನು ನೀವು ಓದುವಾಗ ಕಾಗದ ತಂದ ಅಳಿಯಂದಿರು ಎದುರಿಗೇ ನಿಂತಿರುತ್ತಾರೆ. ನಿಮ್ಮ ಮುಂದೆ ಅವರಿಗೆ ಬಾಯಿ ಬರುವುದಿಲ್ಲ, ಬೈಯುವುದಿದ್ದರೆ ನನ್ನನ್ನು ಬೈಯಿರಿ. ಬಾವಿಯ ಹಗ್ಗ ಬಿಚ್ಚಿಡಲು ಅಮ್ಮನಿಗೆ ಫೋನಿನಲ್ಲಿ ಹೇಳಿದ್ದು ನಾನೇ. ಆದರೆ ಅಕ್ಕಪಕ್ಕದವರು ನೀರು ಚೊಕ್ಕಟ ಎಂಬ ನಿಮ್ಮ ಮಾತು ನಂಬಿ, ತಮ್ಮದೇ ಹಗ್ಗ ತಂದು ಸೇದಿ ಮಕ್ಕಳಿಗೂ ಅದೇ ನೀರು ಕುಡಿಸುತ್ತಿದ್ದಾರೆ. ಚಪ್ಪಲಿ ಮೆಟ್ಟಿಕೊಂಡು ಈಗಲೇ ಅವರ ಮನೆಗಳಿಗೆ ಹೊರಡಿ ಅಪ್ಪಾ. ಇವರು ಜೊತೆಗೆ ಬರುತ್ತಾರೆ, ಹೇಳುವುದು ಮಾತ್ರ ನೀವೇ ಹೇಳಬೇಕು.