ಹಳದಿ ಚೌಕುಳಿ ಅಂಗಿ

ಇಲೊಯಿಲೊ
ಫೆಬ್ರವರಿ 9, ಭಾನುವಾರ

ನನ್ನ ಅಕ್ಕ, ಮಾನಾಂಗ್ ಎಡ್ಲಿನ್,

ಮಧ್ಯಾಹ್ನ ಮೂರು ಗಂಟೆ. ಮಕ್ಕಳಿಬ್ಬರೂ ಬಟ್ಟೆ ರಾಶಿಯ ಮೇಲೆಯೇ ನಿದ್ದೆ ಹೋಗಿದ್ದಾರೆ. ಬೆಳಿಗ್ಗೆ ಒಂದು ಮೂಟೆ ಬಿಚ್ಚಿದೆ, ಅರ್ಧ ಮಾರಿದೆ, ಅತ್ತೆ ಮನೆಗೆ ಬಂದಳು. ಕೊನೆಯದನ್ನು ನೀನು ನಂಬುವುದಿಲ್ಲ, ಇರು, ಹೇಳುತ್ತೇನೆ.

ಇಷ್ಟು ದಿನ ಬರೆಯದಿದ್ದಕ್ಕೆ ಬೈಯಬೇಡ. ಫೋನಿನಲ್ಲಿ ಹೇಳೋಣವೆಂದರೆ ಫೋನೇ ನನ್ನ ಅಂಗಡಿ, ಅಂಗಡಿ ಮುಚ್ಚಿದರೆ ಮಕ್ಕಳ ಕೈಯಲ್ಲಿ. ಪಕ್ಕದ ಬೀದಿಯ ಲೋರ್ನಾ ಹಾಂಗ್‌ಕಾಂಗಿಗೆ ಹೊರಟಿದ್ದಾಳೆ, ಅವಳ ಕೈಯಲ್ಲಿ ಇದನ್ನೂ ಒಣ ಮೀನನ್ನೂ ಕಳಿಸುತ್ತಿದ್ದೇನೆ. ಬೇರೆಯವರ ಮಕ್ಕಳನ್ನು ನೋಡಿಕೊಳ್ಳುವ ನಿನಗೆ ವಾರಕ್ಕೊಂದು ರಜೆಯಾದರೂ ಇದೆ. ನನಗೆ ಯಾರು ಕೊಡುತ್ತಾರೆ?

ಕೆಲಸ ನಿನಗೆ ಗೊತ್ತಿರುವಂಥದ್ದೇ. ಹಳೆ ಬಟ್ಟೆಯನ್ನು ಫೋನಿನ ಮುಂದೆ ಎತ್ತಿ ಹಿಡಿದು ಲೈವ್‌ನಲ್ಲಿ ತೋರಿಸುತ್ತೇನೆ. ನೋಡುವವರಲ್ಲಿ ಯಾರು ಮೊದಲು ‘ನಂದು’ ಎಂದು ಬರೆಯುತ್ತಾರೋ ಅದು ಅವರದು. ಆಮೇಲೆ ಅವರೂ ಹಿಂದೆಗೆಯುವಂತಿಲ್ಲ, ನಾನೂ ಹಿಂದೆಗೆಯುವಂತಿಲ್ಲ. ನಾನು ಈಗಲೂ ಶೋಕದ ಕಪ್ಪೇ ಉಡುತ್ತೇನಲ್ಲ, ಒಬ್ಬಳು ದಿನಾ ಕೇಳುತ್ತಾಳೆ: “ಆ ಕಪ್ಪು ಗೌನು ಯಾವಾಗ ಮಾರ್ತೀಯೇ?”

ಬೆಳಿಗ್ಗೆ ನಾನೊಂದು ರೇಷ್ಮೆ ಲಂಗವನ್ನು ಹೊಗಳುತ್ತಿದ್ದಾಗ ಮೂರು ವರ್ಷದ ನಮ್ಮ ಜೆಮ್ರಿಕ್ ತಲೆಯ ಮೇಲೆ ಅನ್ನದ ಪಾತ್ರೆ ಬಿಟ್ಟರೆ ಮೈಮೇಲೆ ಏನೂ ಇಲ್ಲದೆ ಫೋನಿನ ಮುಂದೆ ಹಾದುಹೋದ. ತಕ್ಷಣ ಮೂವರು ‘ನಂದು’ ಎಂದು ಬರೆದರು. ಒಬ್ಬಳು ಕೇಳಿದಳು, “ಪಾತ್ರೆ ಸಮೇತಾನಾ?”

ಪಾತ್ರೆ ಅವನ ಕಿವಿಗೆ ಸಿಕ್ಕಿಕೊಂಡಿತ್ತು. ಸೋಪು ಹಚ್ಚಿ ತೆಗೆಯಲು ಅವನನ್ನು ಹಿತ್ತಲಿಗೆ ಎಳೆದುಕೊಂಡು ಹೋದೆ. ಆಗ ಒಳಗಿಂದ ಜೋವಿಯ ದನಿ ಕೇಳಿತು. ಐದು ವರ್ಷದವಳು, ನನ್ನದೇ ಧಾಟಿ: “ನೋಡ್ರೀ ಅಕ್ಕಂದಿರೇ! ಕಲೆ ಇಲ್ಲ, ಹರಿದಿಲ್ಲ, ಒಂದ್ ಗುಂಡಿ ಇಲ್ಲ ಅಷ್ಟೇ! ಬೇಗ ಬೇಗ!”

ಗುಂಡಿ ಕಿತ್ತುಹೋದ ಬಟ್ಟೆ ಆ ಮೂಟೆಯಲ್ಲಿ ಇರಲಿಲ್ಲ. ಓಡಿಬಂದೆ. ಅವಳ ಕೈಯಲ್ಲಿ ಅವಳಪ್ಪ ರೊನೆಲ್‌ನ ಹಳದಿ ಚೌಕುಳಿ ಅಂಗಿ. ಅವನು ತೀರಿಹೋದಾಗಿನಿಂದ ಒಗೆಯದೆ ನನ್ನ ದಿಂಬಿನ ಕೆಳಗೆ ಇಟ್ಟುಕೊಂಡದ್ದು.

ಆಗಲೇ ‘ನಂದು’ ಬಂದಾಗಿತ್ತು. ‘ಮಲ್ಲಿಗೆ ರಾಣಿ’ ಅಂತೆ, ಕೇಳದ ಹೆಸರು. ಒಂದಲ್ಲ, ಪರದೆ ತುಂಬ ನಂದು ನಂದು ನಂದು.

“ತಪ್ಪಾಯ್ತು, ಇದು ಮಾರೋದಲ್ಲ” ಎಂದೆ.

ಹಳೆ ಗಿರಾಕಿಗಳೆಲ್ಲ ಮುಗಿಬಿದ್ದರು. “ಏ ಕ್ಲಾರಿಬೆಲ್, ಮಾತು ಅಂದ್ರೆ ಮಾತು ಕಣೆ!” “ಹೋದ ವಾರ ನಾನು ಬೇಡ ಅಂದಾಗ ನನ್ನ ಆಚೆ ಹಾಕಿದ್ಯಲ್ಲ, ಈಗ ಅನುಭವಿಸು!”

ಏನು ಮಾಡಲಿ? ಅಂಗಿಯನ್ನು ಎದೆಗವಚಿಕೊಂಡು ಫೋನು ಆರಿಸಿಬಿಟ್ಟೆ. ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಅತ್ತೆ ಪುರಿಸಿಮಾ! ಎದುರು ಮನೆಯಲ್ಲಿದ್ದೂ ಮಗನ ಮಣ್ಣಾದ ಮೇಲೆ ನಮ್ಮ ಹೊಸಿಲು ತುಳಿಯದವಳು. ಕಾಲಲ್ಲಿ ಒಂದೇ ಚಪ್ಪಲಿ, ಕೈಯಲ್ಲಿ ಫೋನು.

“ನಾನೇ ಮೊದ್ಲು ಬರೆದಿದ್ದು. ಬೇರೆಯವ್ರಿಗೆ ಕೊಟ್ರೆ ನೋಡು!”

“ಮಲ್ಲಿಗೆ ರಾಣಿ ನೀವಾ?”

“ಯಾಕೆ, ಆಗ್ಬಾರ್ದಾ? ನನ್ನ ಮಗನ ಅಂಗಿ ಮಾರೋಕೆ ಇಟ್ಟಿದ್ದೀಯೇನೇ?”

ಜೋವಿ ಆಶೀರ್ವಾದಕ್ಕೆ ಅಜ್ಜಿಯ ಕೈಯನ್ನು ಹಣೆಗೊತ್ತಿಕೊಂಡು ಕೇಳಿದಳು, “ಅಜ್ಜಿ, ಚೀಲಕ್ಕೆ ಹಾಕಿ ಕೊಡ್ಲಾ?”

ಅತ್ತೆ ನಗು ತಡೆಯಲು ನೋಡಿದಳು, ಆಗಲಿಲ್ಲ. ನಡೆದದ್ದನ್ನು ಹೇಳಿದೆ. ಕುಳಿತಳು. “ದಿನಾ ನೋಡ್ತೀನಿ. ನಿನ್ನ ಹಳೆ ಬಟ್ಟೆ ಯಾರಿಗೆ ಬೇಕು? ಹುಡುಗ ಉಂಡ್ನೋ ಇಲ್ವೋ ಗೊತ್ತಾಗತ್ತೆ. ಇವತ್ತು ಪಾತ್ರೆ ತಲೆ ಮೇಲಿದ್ಮೇಲೆ ಉಂಡಿಲ್ಲ ಅಂತಾನೇ ಅಂದ್ಕೊಂಡೆ” ಎಂದಳು. ಆಮೇಲೆ ಮೆಲ್ಲಗೆ, “ಆ ಗುಂಡಿ ನನ್ನ ಹತ್ರ ಇದೆ. ಹೊಲಿದು ಕೊಡಮ್ಮ ಅಂತ ಕೊಟ್ಟಿದ್ದ. ಅಂಗಿ ತರೋಕೆ ಆಗ್ಲೇ ಇಲ್ಲ ಅವನಿಗೆ.”

ಇಬ್ಬರೂ ಅತ್ತೆವು. ಜೆಮ್ರಿಕ್ ಅಷ್ಟರಲ್ಲಿ ಅವಳು ಹಾಕಿಕೊಂಡು ಬಂದಿದ್ದ ಆ ಒಂದು ಚಪ್ಪಲಿಯನ್ನೂ ಹಿತ್ತಲ ಬಾವಿಗೆ ಹಾಕಿದ.

ನಾಳೆಗೆ ರೊನೆಲ್ ಹೋಗಿ ವರ್ಷ ತುಂಬುತ್ತದೆ, ನಿನಗೆ ನೆನಪಿದೆ. ಚರ್ಚಿನ ಪೂಜೆಗೆ ಹೋಗಿಬಂದು ಕಪ್ಪು ಕಳಚಬೇಕು. ಅಲ್ಲಿ ನಿನ್ನ ಹೆಸರಿನಲ್ಲಿಯೂ ಒಂದು ಮೇಣದಬತ್ತಿ ಹಚ್ಚುತ್ತೇನೆ. ಬೆನ್ನುನೋವು ಜಾಸ್ತಿಯಾದರೆ ಮುಚ್ಚಿಡಬೇಡ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ತಂಗಿ,
ಕ್ಲಾರಿಬೆಲ್

ಮರೆತದ್ದು: ಹೊರಡುವಾಗ ಅತ್ತೆ ಅಂಗಿಯನ್ನು ಮೂಗಿಗೆ ಹಿಡಿದು, “ಇನ್ನೂ ಅವನ ವಾಸನೆ ಇದೆ” ಎಂದಳು. ಹೌದು ಎಂದೆ. ಮಾನಾಂಗ್, ನಿನಗೊಬ್ಬಳಿಗೇ ಹೇಳುತ್ತೇನೆ. ಮಳೆಗಾಲದಿಂದಲೇ ನನಗೆ ಅದರಲ್ಲಿ ಏನೂ ಬರುತ್ತಿಲ್ಲ. ಆದರೂ ದಿನಾ ಮೂಸುತ್ತೇನೆ. ನಾಳೆ ಎಂಟು ಗಂಟೆಗೆ ಅತ್ತೆ ಸೂಜಿ ದಾರ ತರುತ್ತಾಳೆ.